ಫೆವಿಕ್ವಿಕ್ ಹಾಕಿದರೂ ಡೋರ್ ಪ್ಯಾಡ್ ಕಿತ್ತು ಬರುತ್ತದೆ, ಯಾವ ಅಂಟು ಹಾಕಲಿ?

ಪ್ರಶ್ನೆ: ಸರ್, ನನ್ನದು 2016ರ ಹ್ಯಾಚ್‌ಬ್ಯಾಕ್ ಕಾರು. ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನಲ್ಲಿ. ಹೋದ ವರ್ಷ ಸ್ಪೀಕರ್ ಬದಲಾಯಿಸಲು ಒಂದು ಅಂಗಡಿಯಲ್ಲಿ ಡ್ರೈವರ್ ಕಡೆಯ ಡೋರ್ ಪ್ಯಾಡ್ ಬಿಚ್ಚಿಸಿದೆ. ಜೋರಾಗಿ ಎಳೆದರು ಅನ್ನಿಸುತ್ತೆ, ಪ್ಯಾಡ್ ಹಿಂದೆ ಕ್ಲಿಪ್ ಕೂರುವ ಸೀಟುಗಳಲ್ಲಿ ಮೂರು ಬುಡಸಮೇತ ಮುರಿದವು. ಮೊದಲು ಫೆವಿಕ್ವಿಕ್ ಹಾಕಿದೆ. ಒಂದು ವಾರ ನಿಂತಿತು. ಆಮೇಲೆ ವಿಡಿಯೋ ನೋಡಿ ಅಡುಗೆ ಸೋಡಾ ಸೇರಿಸಿ ಹಾಕಿದೆ, ಕಲ್ಲಿನ ಹಾಗಾಯ್ತು. ಬಿಸಿಲಲ್ಲಿ ಕಾರು ನಿಲ್ಲಿಸಿದ ದಿನ ಆ ಕಲ್ಲೇ ಕಳಚಿ ಬಿತ್ತು. ಎಂ-ಸೀಲ್ ಕೂಡ ಹಾಗೇ. ಆದರೆ ಎಸಿ ವೆಂಟ್ ಸುತ್ತಲಿನ ಬೆಳ್ಳಿ ಬಣ್ಣದ ಪಟ್ಟಿ ಮುರಿದಿದ್ದಾಗ ಅದೇ ಫೆವಿಕ್ವಿಕ್ ಹಾಕಿದ್ದೆ, ಇವತ್ತಿಗೂ ಅಲುಗಾಡಿಲ್ಲ. ಮುಂದಿನ ಗಾಜಿನ ಪಕ್ಕದ ಕಂಬದ ಕವರ್‌ನಲ್ಲೂ ಒಂದು ಬಿರುಕಿದೆ, ಅದಕ್ಕೂ ಅಂಟು ಹಾಕಬೇಕು ಅಂತಿದ್ದೇನೆ. ಅಂಟು ತಾಗದ ಕಡೆಯೂ ಕಪ್ಪು ಪ್ಲಾಸ್ಟಿಕ್ ಮೇಲೆ ಬಿಳಿ ಮಸುಕು ಕೂತಿದೆ. ಸರ್ವಿಸ್ ಸೆಂಟರ್‌ನವರು ಇಡೀ ಪ್ಯಾಡ್ ಬದಲಿಸಿ ಅಂತಾರೆ. ನಿಜವಾಗಿ ಹಿಡಿಯುವ ಅಂಟು ಯಾವುದು?

ಉತ್ತರ: ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಕೈ ಒಂದೇ, ಅಂಟು ಒಂದೇ. ವೆಂಟಿನ ಪಟ್ಟಿ ನಿಂತಿತು, ಡೋರ್ ಪ್ಯಾಡ್ ನಿಲ್ಲಲಿಲ್ಲ. ಹಾಗಾದರೆ ತಪ್ಪು ಅಂಟಿನದೂ ಅಲ್ಲ, ನಿಮ್ಮದೂ ಅಲ್ಲ. ಎರಡೂ ಬೇರೆ ಬೇರೆ ಪ್ಲಾಸ್ಟಿಕ್. ನಮ್ಮ ವರ್ಕ್‌ಶಾಪ್‌ಗೆ ಬರುವವರೆಲ್ಲ "ಯಾವ ಅಂಟು" ಅಂತಲೇ ಶುರು ಮಾಡುತ್ತಾರೆ. ಮೊದಲು ಕೇಳಬೇಕಾದ್ದು "ಇದು ಯಾವ ಪ್ಲಾಸ್ಟಿಕ್" ಅಂತ.

ಅದನ್ನು ತಿಳಿಯುವುದು ಕಷ್ಟವಲ್ಲ. ಪ್ಯಾಡನ್ನು ಬಿಚ್ಚಿ ಹಿಂಭಾಗ ತಿರುಗಿಸಿ. ಎಲ್ಲೋ ಒಂದು ಮೂಲೆಯಲ್ಲಿ, ಬಾಣದ ತಲೆಯಂಥ ಎರಡು ಗುರುತುಗಳ ನಡುವೆ ಕೆಲವು ಇಂಗ್ಲಿಷ್ ಅಕ್ಷರ ಅಚ್ಚಾಗಿರುತ್ತವೆ. ಟಾರ್ಚನ್ನು ಅಡ್ಡ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಡೋರ್ ಪ್ಯಾಡಿನಲ್ಲಿ ಸಾಮಾನ್ಯವಾಗಿ ಪಿಪಿ ಅಂತ ಇರುತ್ತದೆ, ಅಂದರೆ ಪಾಲಿಪ್ರೊಪಿಲೀನ್. ಅದರ ಮುಂದೆ ಟಿಡಿ 20 ಅಥವಾ ಟಿ 20 ಅಂತ ಇದ್ದರೆ ನೂರಕ್ಕೆ 20 ಪಾಲು ಟಾಲ್ಕ್ ಪುಡಿ ಬೆರೆಸಿದ್ದಾರೆ ಅಂತ ಅರ್ಥ. ವೆಂಟ್ ಪಟ್ಟಿ, ಮ್ಯೂಸಿಕ್ ಸಿಸ್ಟಂ ಸುತ್ತಲಿನ ಫ್ರೇಮ್, ಬಣ್ಣ ಹೊಡೆದ ಅಥವಾ ಕ್ರೋಮ್ ಮಾಡಿದ ಭಾಗಗಳಲ್ಲಿ ಎಬಿಎಸ್ ಅಂತಲೋ, ಪಿಸಿ ಮತ್ತು ಎಬಿಎಸ್ ಜೊತೆಯಾಗಿಯೋ ಇರುತ್ತದೆ. ಈ ಎಬಿಎಸ್ ಬ್ರೇಕಿನದಲ್ಲ, ಇನ್ನೊಂದು ಜಾತಿಯ ಪ್ಲಾಸ್ಟಿಕ್; ಪಿಸಿ ಅಂದರೆ ಪಾಲಿಕಾರ್ಬೊನೇಟ್. ಗುರುತು ಸಿಗದೆ ಹೋದರೆ, ಹೊರಗೆ ಕಾಣದ ಜಾಗದಲ್ಲಿ ಹತ್ತಿ ಕಡ್ಡಿಯಿಂದ ಒಂದು ಹನಿ ಅಸಿಟೋನ್ ಸವರಿ. ಎಬಿಎಸ್ ಆದರೆ ಕ್ಷಣದಲ್ಲಿ ಜಿಗುಟಾಗಿ ಬಣ್ಣ ಹತ್ತಿಗೆ ಬರುತ್ತದೆ. ಪಿಪಿಗೆ ಏನೂ ಆಗುವುದಿಲ್ಲ. ನೇಲ್ ಪಾಲಿಶ್ ರಿಮೂವರ್ ಬಳಸುವುದಾದರೆ ಅದರಲ್ಲಿ ಅಸಿಟೋನ್ ಇದೆಯಾ ಅಂತ ಬಾಟಲಿ ನೋಡಿಕೊಳ್ಳಿ, ಈಗ ಎಷ್ಟೋ ಬ್ರ್ಯಾಂಡುಗಳಲ್ಲಿ ಇರುವುದಿಲ್ಲ.

ನೀರಿನಲ್ಲಿ ಹಾಕಿ ತೇಲಿದರೆ ಪಿಪಿ, ಮುಳುಗಿದರೆ ಎಬಿಎಸ್ ಅಂತ ಒಂದು ಪರೀಕ್ಷೆ ಎಲ್ಲರ ಬಾಯಲ್ಲೂ ಇದೆ. ಬಕೆಟ್, ಡಬ್ಬಿಗಳ ಮಟ್ಟಿಗೆ ಅದು ನಿಜ. ಕಾರಿನ ಭಾಗಗಳಿಗೆ ನಂಬಬೇಡಿ. ಶುದ್ಧ ಪಿಪಿ ನೀರಿಗಿಂತ ಹಗುರ, ತೇಲುತ್ತದೆ. 20 ಪಾಲು ಟಾಲ್ಕ್ ಸೇರಿದ ಪಿಪಿ ನೀರಿಗಿಂತ ತುಸು ಭಾರ, ಮುಳುಗುತ್ತದೆ. ಮುಳುಗಿತಲ್ಲ, ಎಬಿಎಸ್ ಅಂದುಕೊಂಡು ಅಂಟು ಹಾಕಿದವರ ಪ್ಯಾಡುಗಳು ವಾಪಸ್ ನಮ್ಮ ಹತ್ತಿರವೇ ಬರುತ್ತವೆ. ಪ್ಲಾಸ್ಟಿಕ್ ಬಗ್ಗೆಯೇ ಪಾಠ ಹೇಳುವ ಸಿಪೆಟ್ ಸಂಸ್ಥೆ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲೇ ಇದೆ. ಅಲ್ಲಿ ಓದಿದ ಪರಿಚಯದ ಹುಡುಗರು ಯಾರಾದರೂ ಇದ್ದರೆ ಮುರಿದ ತುಂಡನ್ನು ತೋರಿಸಿ, ನೋಡುತ್ತಲೇ ಹೇಳಿಬಿಡುತ್ತಾರೆ.

ಇನ್ನು, ಪಿಪಿಗೆ ಅಂಟು ಯಾಕೆ ಹಿಡಿಯಲ್ಲ? ಅಂಟು ಹಿಡಿಯಬೇಕಾದರೆ ಮೊದಲು ಅದು ಮೇಲ್ಮೈ ಮೇಲೆ ಹರಡಿ ಒದ್ದೆ ಮಾಡಬೇಕು. ಕೆಸುವಿನೆಲೆ ಮೇಲೆ ನೀರು ಹಾಕಿ ನೋಡಿ, ಗುಂಡಗೆ ಉರುಳಿಹೋಗುತ್ತದೆ. ಪಿಪಿ ಮೇಲೆ ಫೆವಿಕ್ವಿಕ್, ಅರಾಲ್ಡೈಟ್, ಎಂ-ಸೀಲ್ ಎಲ್ಲದರ ಕಥೆಯೂ ಹೆಚ್ಚುಕಮ್ಮಿ ಹೀಗೇ. ಒಣಗುತ್ತವೆ, ಗಟ್ಟಿಯಾಗುತ್ತವೆ, ಆದರೆ ಪ್ಲಾಸ್ಟಿಕ್ಕಿನ ಜೊತೆ ಬೆರೆಯುವುದಿಲ್ಲ. ಸುಮ್ನೆ ಮೇಲೆ ಕೂತಿರುತ್ತವೆ ಅಷ್ಟೆ. ಕಳಚಿ ಬಿದ್ದ ಆ ಸೋಡಾ ಕಲ್ಲನ್ನು ಇನ್ನೂ ಇಟ್ಟುಕೊಂಡಿದ್ದರೆ ತಳ ನೋಡಿ. ನಯವಾಗಿ ಹೊಳೆಯುತ್ತಿರುತ್ತದೆ, ಪ್ಯಾಡಿನ ಚೂರು ಒಂದೂ ಅಂಟಿರುವುದಿಲ್ಲ. ಎಬಿಎಸ್ ಹಾಗಲ್ಲ. ಅದರ ಮೇಲೆ ಅಂಟು ಚೆನ್ನಾಗಿ ಹರಡಿ ಕಚ್ಚಿಕೊಳ್ಳುತ್ತದೆ. ನಿಮ್ಮ ವೆಂಟ್ ಪಟ್ಟಿ ನಿಂತದ್ದು ಅದಕ್ಕೇ.

ಮರಳು ಕಾಗದದಲ್ಲಿ ಉಜ್ಜಿದರೆ ಹಿಡಿಯುತ್ತೆ ಅನ್ನುವ ಮಾತೂ ಅರ್ಧ ಸತ್ಯ. ಎಬಿಎಸ್‌ಗೆ ಉಜ್ಜುವುದು ತುಂಬಾ ಒಳ್ಳೆಯದು. ಪಿಪಿಯನ್ನು ಎಷ್ಟು ಉಜ್ಜಿದರೂ ಕೆಳಗೆ ಸಿಗುವುದು ಅದೇ ಪಿಪಿ ತಾನೆ. ಗೀರುಗಳಲ್ಲಿ ಅಂಟು ಸ್ವಲ್ಪ ಸಿಕ್ಕಿಹಾಕಿಕೊಳ್ಳುತ್ತದೆ, ಅಷ್ಟೇ ಲಾಭ.

ಎರಡನೇ ಕಾರಣ, ಆ ಜಾಗದ ಮೇಲೆ ಬೀಳುವ ಎಳೆತ. ಕ್ಲಿಪ್ ಸೀಟು ಅಂದರೆ ಹೆಬ್ಬೆರಳ ಉಗುರಿನಷ್ಟು ಬುಡ, ಅದರ ಮೇಲೊಂದು ಸಣ್ಣ ಗೂಡು. ಬಾಗಿಲು ದಢಾರನೆ ಹಾಕಿದಾಗಲೆಲ್ಲ ಅದಕ್ಕೆ ಒದೆ ಬೀಳುತ್ತದೆ. ಒಳಗಿನ ಹ್ಯಾಂಡಲ್ ಹಿಡಿದು ಬಾಗಿಲು ಎಳೆದುಕೊಳ್ಳುವಾಗ ಎಳೆತವೆಲ್ಲ ಬುಡದ ಒಂದು ಅಂಚಿಗೆ ಬೀಳುತ್ತದೆ, ಅಂಟು ಅಂಚಿನಿಂದ ಸುಲಿದುಕೊಂಡು ಬರುತ್ತದೆ. ಫೆವಿಕ್ವಿಕ್‌ನಂಥ ಸೂಪರ್ ಗ್ಲೂ ನೇರ ಎಳೆತಕ್ಕೆ ಗಟ್ಟಿ, ಸುಲಿಯುವ ಎಳೆತಕ್ಕೆ ತೀರಾ ದುರ್ಬಲ. ಇದಕ್ಕೆ ಬಿಸಿಲು ಸೇರಿದರೆ ಮುಗಿಯಿತು. ಅಮೆರಿಕದ ಅರಿಝೋನಾದಲ್ಲಿ ಬಿಸಿಲಲ್ಲಿ ಒಂದು ಗಂಟೆ ನಿಲ್ಲಿಸಿದ ಕಾರುಗಳ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು ಅಂತ 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ನಮ್ಮಲ್ಲಿ ಅಷ್ಟು ಸುಡುವುದಿಲ್ಲ, ನಿಜ. ಆದರೂ ಏಪ್ರಿಲ್ ಮಧ್ಯಾಹ್ನ ಬಯಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಕೈ ಇಡಲು ಆಗುತ್ತಾ? ಆ ಕಾವಿಗೆ ಪಿಪಿ ಹಿಗ್ಗುತ್ತದೆ. ಮೇಲೆ ಕೂತ ಗಟ್ಟಿ ಕಲ್ಲು ಅಷ್ಟು ಹಿಗ್ಗುವುದಿಲ್ಲ. ಸಂಜೆ ತಣ್ಣಗಾಗುವಾಗ ಮತ್ತೆ ಎಳೆದಾಟ. ಒಂದು ದಿನ ಟಪ್ ಅಂತ ಬಿಡುತ್ತದೆ.

ಅಡುಗೆ ಸೋಡಾ ಬಗ್ಗೆ ಒಂದು ಮಾತು. ಅದು ಮೋಸವಲ್ಲ. ಸೋಡಾ ತಗುಲಿದ ಕೂಡಲೇ ಸೂಪರ್ ಗ್ಲೂ ಗಟ್ಟಿಯಾಗುತ್ತದೆ, ಖಾಲಿ ಜಾಗವೂ ತುಂಬುತ್ತದೆ. ಎಬಿಎಸ್ ಭಾಗದಲ್ಲಿ ಸ್ಕ್ರೂ ತೂತು ದೊಡ್ಡದಾಗಿದ್ದರೆ ತುಂಬಲು ನಾವೂ ಬಳಸುತ್ತೇವೆ. ಆದರೆ ಅದರಿಂದ ಹಿಡಿತ ಜಾಸ್ತಿಯಾಗುವುದಿಲ್ಲ, ಗಟ್ಟಿತನ ಮಾತ್ರ ಬರುತ್ತದೆ. ಹಾಕುವಾಗ ಬಿಸಿಯಾಗಿ ಕಣ್ಣು ಉರಿಸುವ ಆವಿ ಏಳುತ್ತದೆ, ಮುಖ ಹತ್ತಿರ ಒಯ್ಯಬೇಡಿ. ಹತ್ತಿ ಬಟ್ಟೆಗೆ ಸೂಪರ್ ಗ್ಲೂ ಜಾಸ್ತಿ ಚೆಲ್ಲಿದರೂ ಸುಡುವಷ್ಟು ಕಾವು ಬರುತ್ತದೆ. ಪ್ಯಾಂಟಿನ ಮೇಲೆ ಬಿದ್ದು ತೊಡೆ ಸುಟ್ಟುಕೊಂಡವರಿದ್ದಾರೆ.

ಈಗ ನಿಮ್ಮ ಪ್ಯಾಡಿಗೆ ಏನು ಮಾಡಬಹುದು ಅಂತ ನೋಡೋಣ. ನನ್ನ ಮೊದಲ ಆಯ್ಕೆ ಅಂಟೇ ಅಲ್ಲ, ಕಾವು. ಪಿಪಿ ಅಂಟಿಗೆ ಒಗ್ಗದಿದ್ದರೂ ತನ್ನ ಜಾತಿಯ ಪ್ಲಾಸ್ಟಿಕ್ಕಿನ ಜೊತೆ ಕರಗಿ ಚೆನ್ನಾಗಿ ಒಂದಾಗುತ್ತದೆ. ಸುಮಾರು 160 ಡಿಗ್ರಿಗೆ ಕರಗುತ್ತದೆ. ಬಂಪರ್ ವೆಲ್ಡಿಂಗ್ ಮಾಡುವವರು ಮಾಡುವುದು ಇದನ್ನೇ. ಮನೆಯಲ್ಲೇ ಮಾಡುವ ಧೈರ್ಯ ಇದ್ದರೆ ಚಪ್ಪಟೆ ಮೊನೆಯ 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಕು. ಜೊತೆಗೆ ತುಂಬಲು ಪಿಪಿ ಪಟ್ಟಿ ಬೇಕು. ಗುಜರಿಯಲ್ಲಿ ಒಡೆದ ಬಂಪರಿನ ಚೂರು ಕೇಳಿ. ಹಿಂದೆ ಪಿಪಿ ಗುರುತು ಇರಬೇಕು, ಅದನ್ನು 3 ಮಿ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿಕೊಳ್ಳಿ. ಬಂಪರಿನಲ್ಲಿ ರಬ್ಬರ್ ಅಂಶ ಬೆರೆತಿರುತ್ತದೆ, ಹಾಗಾಗಿ ಸ್ವಲ್ಪ ಬಾಗುತ್ತದೆ, ಒದೆ ತಿನ್ನುವ ಜಾಗಕ್ಕೆ ಅದು ಒಳ್ಳೆಯದೇ.

ಪ್ಯಾಡನ್ನು ದಪ್ಪ ಟವೆಲ್ ಮೇಲೆ ಕವುಚಿ ಹಾಕಿ. ಹಳೆಯ ಅಂಟು, ಎಂ-ಸೀಲ್ ಎಲ್ಲವನ್ನೂ ಚಾಕುವಿನಿಂದ ಹೆರೆದು ತೆಗೆಯಿರಿ. ಈ ಕೆಲಸಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಅಂಟಿನ ಚೂರು ಉಳಿದರೆ ಅಲ್ಲಿ ಪ್ಲಾಸ್ಟಿಕ್ ಬೆಸೆಯುವುದಿಲ್ಲ, ಸುಟ್ಟಾಗ ಕೆಟ್ಟ ಹೊಗೆಯೂ ಬರುತ್ತದೆ. ಮುರಿದ ಸೀಟನ್ನು ಅದರ ಜಾಗದಲ್ಲಿಟ್ಟು, ಕ್ಲಿಪ್ ಕೂರಿಸಿ, ಬಾಗಿಲಿನ ತೂತಿಗೆ ನೇರ ಬರುತ್ತಾ ಅಂತ ಒಮ್ಮೆ ಹಿಡಿದು ನೋಡಿ. 2 ಮಿ.ಮೀ. ಆಚೀಚೆ ಆದರೂ ಆ ಕ್ಲಿಪ್ ಒಳಗೆ ಹೋಗುವುದಿಲ್ಲ, ಗುದ್ದಿ ಹಾಕಿದರೆ ಸೀಟು ಮತ್ತೆ ಮುರಿಯುತ್ತದೆ. ನೇರ ಇದ್ದರೆ ಗುರುತು ಮಾಡಿ, ನಾಲ್ಕು ಮೂಲೆಗೂ ಐರನ್ ತಾಗಿಸಿ ಟಾಕಿ ಹಾಕಿಕೊಳ್ಳಿ. ಆಮೇಲೆ ಬುಡ ಮತ್ತು ಪ್ಯಾಡ್ ಎರಡೂ ಒಟ್ಟಿಗೆ ಕರಗುವ ಹಾಗೆ ಮೊನೆ ಇಟ್ಟು, ಆ ಕರಗಿದ ಗುಣಿಗೆ ಪಟ್ಟಿಯನ್ನು ಒತ್ತುತ್ತಾ ಕಲೆಸಿ. ಸರಿಯಾಗಿ ಆಗುತ್ತಿದ್ದರೆ ಪ್ಲಾಸ್ಟಿಕ್ ಹೊಳೆಯುತ್ತದೆ, ಮೊನೆ ಎತ್ತಿದಾಗ ಸಣ್ಣ ಎಳೆ ಏಳುತ್ತದೆ. ಹೊಗೆ ಎದ್ದರೆ ಕಾವು ಜಾಸ್ತಿ, ಐರನ್ ತೆಗೆದು ಸ್ವಲ್ಪ ಆರಲು ಬಿಡಿ. ಪಟ್ಟಿ ಬೆರೆಯದೆ ಉಂಡೆ ಉಂಡೆಯಾಗಿ ಬೇರೆ ನಿಂತರೆ ಅದು ಬೇರೆ ಜಾತಿಯ ಪ್ಲಾಸ್ಟಿಕ್, ಅಲ್ಲಿಗೇ ನಿಲ್ಲಿಸಿ. ಕೊನೆಗೆ ಬುಡದ ಸುತ್ತ ಸ್ಟೀಲ್ ಜಾಲರಿಯ ಸಣ್ಣ ತುಂಡುಗಳನ್ನು ಕಾವಿನಿಂದ ಒಳಗೆ ಹುದುಗಿಸಿ, ಮೇಲೊಂದು ಪದರ ಪಿಪಿ ಎಳೆಯಿರಿ. ತಾನಾಗಿ ಆರಲಿ, ನೀರು ಹಾಕಬೇಡಿ.

ಇದರಲ್ಲಿ ಅಪಾಯ ಒಂದೇ, ಆದರೆ ದೊಡ್ಡದು. ಪ್ಯಾಡಿನ ದಪ್ಪ 2ರಿಂದ 3 ಮಿ.ಮೀ. ಅಷ್ಟೇ. ಅರ್ಧಕ್ಕಿಂತ ಆಳ ಹೋದರೆ ಮುಂಭಾಗದಲ್ಲಿ ಹೊಳಪಿನ ಕಲೆಯೋ ತಗ್ಗೋ ಕಾಣುತ್ತದೆ. ಆ ಚರ್ಮದಂಥ ಗೆರೆ ಒಮ್ಮೆ ಹೋದರೆ ಮತ್ತೆ ಬರಿಸಲು ಆಗುವುದಿಲ್ಲ. ಆಗಾಗ ನಿಲ್ಲಿಸಿ ಮುಂಭಾಗ ಮುಟ್ಟಿ ನೋಡಿ, ಬೆಚ್ಚಗಾಗಿದ್ದರೆ ಬಿಡುವು ಕೊಡಿ. ಮುಂಭಾಗಕ್ಕೆ ಬಟ್ಟೆ ಅಥವಾ ರೆಕ್ಸಿನ್ ಹೊದಿಸಿದ ಜಾಗವಾದರೆ ಇನ್ನೂ ಜೋಪಾನ. ಕೆಲಸ ಗಾಳಿ ಆಡುವ ಕಡೆ ಇರಲಿ, ಕಾರಿನ ಒಳಗೆ ಬೇಡವೇ ಬೇಡ. ಕೈ ನಡುಗುತ್ತೆ ಅನ್ನಿಸಿದರೆ ಬಂಪರ್ ವೆಲ್ಡಿಂಗ್ ಅಂಗಡಿಗೆ ಪ್ಯಾಡನ್ನು ಮಾತ್ರ ಒಯ್ದು ಮಾಡಿಸಿ. ಅವರು ಬಿಸಿ ಸ್ಟೇಪ್ಲರ್ ಪಿನ್ ಹೊಡೆಯೋಣ ಅಂದರೆ ಒಪ್ಪಬೇಡಿ. ಬಂಪರಿಗೆ ಅದು ಸರಿ, ಇಷ್ಟು ತೆಳು ಪ್ಯಾಡಿನಲ್ಲಿ ಪಿನ್ನಿನ ಗುರುತು ಮುಂದೆ ಎದ್ದು ಕಾಣುತ್ತದೆ.

ಕಾವು ಬೇಡ, ಅಂಟೇ ಬೇಕು ಅಂದರೆ ದಾರಿ ಇದೆ. ಎಪಾಕ್ಸಿಗೆ, ಅಂದರೆ ಅರಾಲ್ಡೈಟ್‌ನಂಥ ಎರಡು ಭಾಗ ಬೆರೆಸಿ ಹಾಕುವ ಅಂಟಿಗೆ, ಕಚ್ಚಿಕೊಳ್ಳಲು ಆಕಾರ ಕೊಡಬೇಕು. ಸೀಟಿನ ಬುಡದ ಅಂಚಿನಲ್ಲಿ 2 ಮಿ.ಮೀ. ಡ್ರಿಲ್‌ನಿಂದ ನಾಲ್ಕೈದು ತೂತು ಮಾಡಿ. ಪ್ಯಾಡಿನ ಹಿಂಭಾಗದಲ್ಲಿ ಪಕ್ಕದಲ್ಲೇ ಎದ್ದಿರುವ ಪಕ್ಕೆಲುಬಿನಂಥ ಗೆರೆಗಳಿರುತ್ತವಲ್ಲ, ಅವುಗಳಲ್ಲೂ ತೂತು ಮಾಡಿ. ಪ್ಯಾಡಿನ ಮುಖಕ್ಕೆ ಮಾತ್ರ ಡ್ರಿಲ್ ಹೋಗಬಾರದು. ಎಪಾಕ್ಸಿ ಆ ತೂತುಗಳಲ್ಲಿ ಹಾದು ಆಚೆ ಬದಿಯಲ್ಲಿ ಹರಡಿ ಗಟ್ಟಿಯಾದರೆ ರಿವೆಟ್ ಹೊಡೆದ ಹಾಗಾಗುತ್ತದೆ. ಪ್ಲಾಸ್ಟಿಕ್ಕಿಗೆ ಅಂಟದಿದ್ದರೂ ಕಳಚಿ ಬರಲು ದಾರಿ ಇಲ್ಲ. ಫೈಬರ್ ಗ್ಲಾಸ್ ಬಟ್ಟೆಯ ತುಂಡು ಸುತ್ತಿದರೆ ಇನ್ನೂ ಗಟ್ಟಿ. ಐದು ನಿಮಿಷದಲ್ಲಿ ಹಿಡಿಯುವ ಎಪಾಕ್ಸಿ ಬೇಡ, ಬಿಸಿಗೆ ಬೇಗ ಮೆತ್ತಗಾಗುತ್ತದೆ. ನಿಧಾನವಾಗಿ ಒಣಗುವ ಸ್ಟ್ಯಾಂಡರ್ಡ್ ಅರಾಲ್ಡೈಟ್ ತಂದು ಇಡೀ ಒಂದು ದಿನ ಮುಟ್ಟದೆ ಬಿಡಿ. ನೀವು ಎಂ-ಸೀಲ್ ಹಾಕಿದ್ದೂ ಹೀಗೆ ತೂತಿನಲ್ಲಿ ಸಿಕ್ಕಿಸಿ ಹಾಕಿದ್ದರೆ ಇಷ್ಟು ಬೇಗ ಬರುತ್ತಿರಲಿಲ್ಲ.

ಪಿಪಿಗೆಂದೇ ತಯಾರಾದ ಅಂಟುಗಳೂ ಇವೆ. ಸೂಪರ್ ಗ್ಲೂಗೆ ಮುಂಚೆ ಹಚ್ಚುವ ಪ್ರೈಮರ್ ಒಂದು ಬಗೆ, ಲಾಕ್‌ಟೈಟ್ 770 ಅಂಥದ್ದು. ತೆಳ್ಳಗೆ ಹಚ್ಚಿ, ಆರಿದ ಮೇಲೆ ಸೂಪರ್ ಗ್ಲೂ ಹಾಕಿದರೆ ಪಿಪಿ ಮೇಲೂ ಕಚ್ಚುತ್ತದೆ. ಸಣ್ಣ ಕೂದಲು ಬಿರುಕಿಗೆ, ತುಂಡು ಹೋಗದ ಮುರಿತಕ್ಕೆ ಇದು ನನಗೆ ಇಷ್ಟ. ಕ್ಲಿಪ್ ಸೀಟಿನ ಸುಲಿಯುವ ಎಳೆತಕ್ಕೆ ಇದೊಂದನ್ನೇ ನಂಬಲಾರೆ. ಇನ್ನೊಂದು ಬಗೆ ಎರಡು ಭಾಗದ ಅಕ್ರಿಲಿಕ್ ಅಂಟು, ತ್ರೀಎಂನ ಡಿಪಿ 8005ರಂಥದ್ದು. ಇದು ನಿಜವಾಗಿಯೂ ಪಿಪಿಯನ್ನು ಹಿಡಿಯುತ್ತದೆ. ಆದರೆ ದುಬಾರಿ, ಹಾಕಲು ಬೇರೆ ಗನ್ ಬೇಕು, ಬಹಳ ದಿನ ಇಡಲೂ ಬರುವುದಿಲ್ಲ. ಮೂರು ಸೀಟಿಗೋಸ್ಕರ ಕೊಳ್ಳುವುದು ನಷ್ಟ. ಗ್ಲೂ ಗನ್ನಿನ ಕಡ್ಡಿ ಅಂತೂ ಬೇಡವೇ ಬೇಡ, ನಮ್ಮ ಬಿಸಿಲಿಗೇ ಮೆತ್ತಗಾಗಿ ಜಾರುತ್ತದೆ.

ಕೆಲವರು ಇದ್ಯಾವುದೂ ಬೇಡ ಅಂತ ಪ್ಯಾಡಿನ ಮುಂದಿನಿಂದಲೇ ಉದ್ದ ಸ್ಕ್ರೂ ಹೊಡೆದುಬಿಡುತ್ತಾರೆ. ದಯವಿಟ್ಟು ಮಾಡಬೇಡಿ. ಹಿಂದೆ ಇಳಿಯುವ ಗಾಜು, ವೈರು, ವಿಂಡೋ ಮೋಟರ್ ಎಲ್ಲ ಇರುತ್ತವೆ. ಸ್ಕ್ರೂ ಮೊನೆಗೆ ಗಾಜು ತಾಗಿದರೆ ಪುಡಿಪುಡಿ.

ಇಡೀ ಪ್ಯಾಡ್ ಬದಲಿಸಿ ಅಂತ ಸರ್ವಿಸ್ ಸೆಂಟರ್‌ನವರು ಹೇಳಿದ್ದು ಸುಳ್ಳಲ್ಲ, ಅವರಿಗೆ ಸೀಟು ಮಾತ್ರ ಬಿಡಿಯಾಗಿ ಸಿಗುವುದಿಲ್ಲ. ನನ್ನ ಲೆಕ್ಕ ಇಷ್ಟು: ಅರ್ಧಕ್ಕಿಂತ ಜಾಸ್ತಿ ಸೀಟು ಹೋಗಿದ್ದರೆ ರಿಪೇರಿಗೆ ಕೈ ಹಾಕಬೇಡಿ, ಗುಜರಿಯಲ್ಲಿ ಅದೇ ಮಾಡೆಲ್ಲಿನ ಪ್ಯಾಡ್ ಹುಡುಕಿ. ಕೊಳ್ಳುವ ಮುಂಚೆ ಹಿಂದೆ ತಿರುಗಿಸಿ ಎಲ್ಲ ಸೀಟೂ ಇವೆಯಾ ನೋಡಿ. ಪವರ್ ವಿಂಡೋ ಸ್ವಿಚ್ಚಿನ ಜಾಗ ನಿಮ್ಮ ಕಾರಿನದಕ್ಕೆ ಹೊಂದುತ್ತಾ ಅಂತಲೂ ನೋಡಿ, ಒಂದೇ ಕಾರಿನ ಬೇರೆ ಬೇರೆ ವೇರಿಯಂಟಿನಲ್ಲಿ ಅದು ಬದಲಾಗಿರುತ್ತದೆ. ನಿಮ್ಮದರಲ್ಲಿ ಹೋಗಿರುವುದು ಮೂರೇ. ರಿಪೇರಿ ಮಾಡಿಸಿ.

ಪ್ಯಾಡ್ ಹೇಗೂ ಬಿಚ್ಚಿರುತ್ತೀರಿ, ಬಾಗಿಲಿನ ತಗಡಿನ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ನೋಡಿ. ಸ್ಪೀಕರ್ ಹಾಕುವವರು ಅದನ್ನು ಹರಿದು ಹಾಗೇ ಬಿಟ್ಟಿರುವುದು ಬಹಳ ಸಾಮಾನ್ಯ. ಮಳೆಯಲ್ಲಿ ಗಾಜಿನ ಮೇಲಿಂದ ಬಾಗಿಲೊಳಗೆ ಇಳಿಯುವ ನೀರು ಕಾರಿನ ಒಳಗೆ ಬರದ ಹಾಗೆ ತಡೆಯುವುದು ಆ ಹಾಳೆಯೇ. ಹರಿದಿದ್ದರೆ ಸ್ಪೀಕರೂ ಹಾಳು, ಕಾಲಡಿಯ ಕಾರ್ಪೆಟ್ಟೂ ಒದ್ದೆ. ಬ್ಯುಟೈಲ್ ಅನ್ನುವ ಜಿಗುಟು ರಬ್ಬರ್ ಟೇಪಿನಿಂದ ಮತ್ತೆ ಅಂಟಿಸಿ. ಹಳೆಯ ಕ್ಲಿಪ್ಪುಗಳನ್ನೂ ಎಸೆದು ನಿಮ್ಮ ಮಾಡೆಲ್ಲಿನವೇ ಹೊಸದು ಹಾಕಿ. ದಪ್ಪ ಜಾಸ್ತಿ ಇರುವ ಬೇರೆ ಕ್ಲಿಪ್ ಹಾಕಿದರೆ ಮುಂದಿನ ಸಲ ಬಿಚ್ಚುವಾಗ ಕ್ಲಿಪ್ ಬರುವುದಿಲ್ಲ, ಸೀಟೇ ಬರುತ್ತದೆ.

ಈಗ ಆ ಕಂಬದ ಕವರ್. ಇಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಕವರಿನ ಮೇಲೆ ಏರ್‌ಬ್ಯಾಗ್ ಅಂತ ಬರೆದಿದೆಯಾ ನೋಡಿ, ಕಾರಿನ ಕೈಪಿಡಿಯಲ್ಲೂ ನೋಡಿ. ಕರ್ಟನ್ ಏರ್‌ಬ್ಯಾಗ್, ಅಂದರೆ ಬದಿಯ ಗಾಜುಗಳ ಮೇಲಿಂದ ಪರದೆಯಂತೆ ಇಳಿಯುವ ಬ್ಯಾಗ್, ಇರುವ ಕಾರಾದರೆ ಆ ಕವರಿಗೆ ಅಂಟು, ವೆಲ್ಡ್, ಟೇಪ್ ಯಾವುದೂ ಬೇಡ. ಬ್ಯಾಗ್ ಕಣ್ಣು ಮಿಟುಕಿಸುವುದರೊಳಗೆ ಉಬ್ಬಿ ಹೊರಬರುತ್ತದೆ. ಕವರ್ ಎಲ್ಲಿ ಬಿಡಬೇಕು, ಎಲ್ಲಿ ಹಿಡಿದಿರಬೇಕು ಅಂತ ಅದರ ಕ್ಲಿಪ್ಪುಗಳನ್ನು ಲೆಕ್ಕ ಹಾಕಿ ಮಾಡಿರುತ್ತಾರೆ. ಅಂಟು ಹಾಕಿ ಬಿಗಿ ಮಾಡಿದರೆ ಬ್ಯಾಗ್ ಅಡ್ಡದಾರಿ ಹಿಡಿಯಬಹುದು. ಬಿರುಕಿನ ಕವರ್ ಸಿಡಿದು ಚೂರು ಮುಖಕ್ಕೆ ಬರಬಹುದು. ಹೊಸ ಕವರ್ ಹಾಕಿಸಿ, ಅದರ ಕ್ಲಿಪ್ಪೂ ಹೊಸದು, ಅದೂ ಕಂಪನಿಯದೇ. ಸ್ಟೀರಿಂಗ್ ನಡುವಿನ ಕವರ್, ಪಕ್ಕದವರ ಮುಂದಿನ ಡ್ಯಾಶ್‌ಬೋರ್ಡ್, ಏರ್‌ಬ್ಯಾಗ್ ಇರುವ ಸೀಟಿನ ಬದಿ, ಎಲ್ಲಕ್ಕೂ ಇದೇ ಮಾತು. 2016ರ ಎಷ್ಟೋ ಹ್ಯಾಚ್‌ಬ್ಯಾಕುಗಳಲ್ಲಿ ಕರ್ಟನ್ ಏರ್‌ಬ್ಯಾಗ್ ಇರಲಿಲ್ಲ. ನಿಮ್ಮದರಲ್ಲೂ ಇಲ್ಲ ಅಂತ ಖಾತ್ರಿಯಾದರೆ ಕವರ್ ಬಿಚ್ಚಿ ಹಿಂದಿನಿಂದ ಬೆಸೆಯಬಹುದು. ಬಿರುಕು ಮುಂದೆ ಓಡದಂತೆ ಅದರ ತುದಿಯಲ್ಲಿ ಒಂದು ಸಣ್ಣ ತೂತು ಮಾಡಿಕೊಳ್ಳಿ.

ವೆಂಟ್ ಪಟ್ಟಿಯ ತಂಟೆಗೆ ಹೋಗಬೇಡಿ, ಚೆನ್ನಾಗಿದೆ. ಮುಂದೆ ಯಾವಾಗಲಾದರೂ ಎಬಿಎಸ್ ಭಾಗ ಮುರಿದರೆ ಹಿಂಬದಿ ಉಜ್ಜಿ, ಆಲ್ಕೋಹಾಲಿನಲ್ಲಿ ಒರೆಸಿ, ಸೂಪರ್ ಗ್ಲೂ ಅಥವಾ ಎಪಾಕ್ಸಿ ಹಾಕಿ. ಅಕ್ರಿಲಿಕ್ ಬೋರ್ಡ್ ಮಾಡುವವರು ಬಳಸುವ ಕ್ಲೋರೋಫಾರ್ಮ್, ಮೀಥೈಲೀನ್ ಕ್ಲೋರೈಡ್‌ನಂಥ ದ್ರವ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದರ ಆವಿ ದೇಹಕ್ಕೆ ಕೆಟ್ಟದ್ದು. ಪಿಸಿ ಬೆರೆತ ಭಾಗಕ್ಕೆ ತಗುಲಿದರೆ ಕೆಲವು ದಿನ ಬಿಟ್ಟು ಹೊಸ ಬಿರುಕುಗಳು ಏಳುತ್ತವೆ.

ಬಿಳಿ ಮಸುಕು ಸೂಪರ್ ಗ್ಲೂನ ಆವಿಯದು. ಮುಚ್ಚಿದ ಕಾರಿನಲ್ಲಿ ಗಾಳಿ ಆಡದಿದ್ದಾಗ ಅದು ಸುತ್ತಲಿನ ಪ್ಲಾಸ್ಟಿಕ್ ಮೇಲೆ ಕೂರುತ್ತದೆ. ಮೊದಲು ಆಲ್ಕೋಹಾಲ್ ಹಚ್ಚಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ ನೋಡಿ. ಹೋಗದಿದ್ದರೆ, ಬಣ್ಣ ಹೊಡೆಯದ ಬರಿಯ ಪಿಪಿ ಅಂತ ಖಾತ್ರಿ ಇರುವ ಜಾಗದಲ್ಲಿ ಮಾತ್ರ, ಮೂಲೆಯಲ್ಲಿ ಪರೀಕ್ಷೆ ಮಾಡಿ, ಸ್ವಲ್ಪವೇ ಅಸಿಟೋನ್ ಬಳಸಿ. ವೆಂಟ್ ಪಟ್ಟಿಯ ಹತ್ತಿರ ಅಸಿಟೋನ್ ಸುಳಿಯಕೂಡದು. ಡ್ಯಾಶ್‌ಬೋರ್ಡ್ ಪಾಲಿಶ್ ಎಲ್ಲ ರಿಪೇರಿ ಮುಗಿದ ಮೇಲೆ ಹಾಕಿ. ಅದರಲ್ಲಿ ಸಿಲಿಕೋನ್ ಇರುತ್ತದೆ. ಒಮ್ಮೆ ಕೂತರೆ ಆ ಜಾಗದಲ್ಲಿ ಎಂಥ ಒಳ್ಳೆಯ ಅಂಟೂ, ಟೇಪೂ ಹಿಡಿಯುವುದಿಲ್ಲ.